ಎಲುಬಿಗೂ ವಿಳಾಸ ಬೇಕು: ಜವಾರಿ ಕೋಳಿಯ ಅಸ್ಥಿಪಂಜರ ಜೋಡಿಸುವ ಬಗೆ

ನಮ್ಮ ಶಾಲೆಯ ಲ್ಯಾಬಿನಲ್ಲಿ ಮನುಷ್ಯನ ಒಂದು ಪ್ಲಾಸ್ಟಿಕ್ ಅಸ್ಥಿಪಂಜರ ಇದೆ. ಅದರ ಎಡಗೈ ಎಂದೋ ಕಳೆದುಹೋಗಿದೆ. ಒಮ್ಮೆ ಎಂಟನೇ ತರಗತಿಯ ಹುಡುಗಿಯೊಬ್ಬಳು ಅದರ ಮೊಣಕಾಲು ಮುಟ್ಟಿ ನೋಡಿ ಕೇಳಿದಳು, "ಸರ್, ನಮ್ಮ ಮೊಣಕಾಲು ಮುಂದಕ್ಕೈತಿ. ಕೋಳೀದು ಯಾಕ ಹಿಂದಕ್ಕೈತಿ?" ಕೋಳಿಯ ಮೊಣಕಾಲೂ ಮುಂದಕ್ಕೇ ಇದೆ ಎಂದೆ. ಬೋರ್ಡಿನ ಮೇಲೆ ಚಿತ್ರ ಬರೆದೆ. ಅವಳು ನಂಬಲಿಲ್ಲ. "ಮನ್ಯಾಗ ಹದಿನೈದು ಕೋಳಿ ಅದಾವ್ರಿ, ದಿನಾ ನೋಡ್ತೀನಿ" ಎಂದಳು. ದಿನಾ ನೋಡುವವಳ ಎದುರು ನನ್ನ ಚಿತ್ರ ನಿಲ್ಲಲಿಲ್ಲ. ಎಲುಬನ್ನೇ ತಂದು ತೋರಿಸಬೇಕಾಯಿತು.

ಅಲ್ಲಿಂದ ಇಲ್ಲಿಯವರೆಗೆ ನಾಲ್ಕು ಕೋಳಿ, ಮೂರು ಕುರಿತಲೆ ಮಾಡಿದ್ದೇನೆ. ಹಾಳು ಮಾಡಿದ ಎರಡು ಕೋಳಿ ಬೇರೆ. ಕೊಪ್ಪಳದಂಥ ಊರಲ್ಲಿ ಸಿಗುವ ಸಾಮಾನಿನಲ್ಲೇ ಈ ಕೆಲಸ ಆಗುತ್ತದೆ. ಖರ್ಚು ಕಡಿಮೆ, ವಾಸನೆ ಜಾಸ್ತಿ, ತಾಳ್ಮೆ ಅದಕ್ಕಿಂತ ಜಾಸ್ತಿ ಬೇಕು. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಎಲುಬನ್ನು ಬೆಳ್ಳಗೆ ಮಾಡುವುದು ದೊಡ್ಡ ವಿಷಯವಲ್ಲ. ಯಾವ ಎಲುಬು ಎಲ್ಲಿಯದು ಎಂಬುದು ಕಳೆದುಹೋಗದಂತೆ ನೋಡಿಕೊಳ್ಳುವುದೇ ಇಲ್ಲಿನ ಅಸಲಿ ಕೆಲಸ. ಮಾಂಸ ಬಿಟ್ಟ ಕ್ಷಣವೇ ಎಲುಬಿನ ವಿಳಾಸ ಹೋಗುತ್ತದೆ.

ಯಾವುದನ್ನು ಮುಟ್ಟಬಾರದು

ನೀವು ಎಲುಬು ಜೋಡಿಸುತ್ತೀರಿ ಎಂದು ಗೊತ್ತಾದರೆ ಸಾಕು, ಮಕ್ಕಳು ಏನೇನೋ ತರುತ್ತಾರೆ. ಹೊಲದಲ್ಲಿ ಸತ್ತ ನವಿಲು, ಹೈವೇಯಲ್ಲಿ ಲಾರಿಗೆ ಸಿಕ್ಕ ಮುಂಗುಸಿ, ಗುಡ್ಡದಲ್ಲಿ ಸಿಕ್ಕ ಉಡದ ತಲೆ. ಒಂದನ್ನೂ ಇಟ್ಟುಕೊಳ್ಳಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಇಂಥ ಪ್ರಾಣಿ ತಾನಾಗಿ ಸತ್ತಿದ್ದರೂ ಅದು ಸರ್ಕಾರದ ಸ್ವತ್ತು. ಎಲುಬು, ಕೊಂಬು, ಹಲ್ಲು, ಉಗುರು ಎಲ್ಲಕ್ಕೂ ಇದೇ ಮಾತು. "ನಾನು ಕೊಂದಿಲ್ಲ, ಸಿಕ್ಕಿತು" ಅಂದರೆ ನಡೆಯುವುದಿಲ್ಲ. ಅರಣ್ಯ ಇಲಾಖೆಗೆ ಫೋನ್ ಮಾಡಿ, ಅಷ್ಟೇ. ದರೋಜಿಯ ಕರಡಿ, ನಮ್ಮ ಕುರುಚಲು ಕಾಡಿನ ತೋಳ ಇವನ್ನು ಜೀವಂತ ಇರುವಾಗಲೇ ದೂರದಿಂದ ನೋಡೋಣ.

ಎರಡನೆಯದು ಇನ್ನೂ ಮುಖ್ಯ. ನಮ್ಮ ಕಡೆ ಕುರಿ ಜಾಸ್ತಿ, ಹಟ್ಟಿಯಲ್ಲಿ ಸಾಯುವ ಕುರಿಯೂ ಇರುತ್ತದೆ. "ಸರ್, ಸತ್ತ ಕುರಿ ಐತಿ, ಪುಕ್ಕಟೆ ಒಯ್ರಿ" ಎಂದರೆ ಬೇಡ ಅನ್ನಿ. ನಿನ್ನೆ ಚೆನ್ನಾಗಿದ್ದ ಕುರಿ ಇವತ್ತು ಏಕಾಏಕಿ ಸತ್ತಿದ್ದರೆ, ಮೂಗು, ಬಾಯಿ, ಗುದದಿಂದ ಹೆಪ್ಪುಗಟ್ಟದ ಕಪ್ಪು ರಕ್ತ ಸೋರಿದ್ದರೆ, ಅದು ನೆರಡಿ ರೋಗ ಇರಬಹುದು. ಆಂಥ್ರಾಕ್ಸ್ ಅನ್ನುತ್ತಾರಲ್ಲ, ಅದೇ. ಆ ಹೆಣವನ್ನು ಕೊಯ್ದು ಗಾಳಿ ತಾಗಿತೋ, ರೋಗಾಣು ಬೀಜಾಣುವಾಗಿ ಮಣ್ಣಿನಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಮನುಷ್ಯನಿಗೂ ಅಂಟುತ್ತದೆ. ಕೊಯ್ಯುವುದಿರಲಿ, ಮುಟ್ಟಲೂ ಬೇಡಿ. ಪಶುವೈದ್ಯರಿಗೆ ತಿಳಿಸಿ. ಕಾಯಿಲೆ ಬಿದ್ದು ಸತ್ತ ಕೋಳಿಯೂ ಬೇಡ, ಹಕ್ಕಿಜ್ವರದ ಭಯ ಇದೆ.

ಇನ್ನು ಉಳಿದದ್ದು ಅಂಗಡಿ. ತಿನ್ನಲು ಯೋಗ್ಯವಾದ, ಆರೋಗ್ಯದ ಪ್ರಾಣಿಯ ಎಲುಬು. ನಮಗೆ ಅದೇ ಸಾಕು.

ಕೈ ಪಳಗಲು ಒಂದು ಕುರಿತಲೆ

ಮೊದಲ ಸಲಕ್ಕೆ ಕೋಳಿ ಬೇಡ. ಕುರಿ ಅಥವಾ ಆಡಿನ ತಲೆ ತನ್ನಿ. ಎಲುಬು ದೊಡ್ಡದು, ಕಳೆಯುವಂಥದ್ದು ಕಡಿಮೆ. ಆದರೆ ಮಟನ್ ಅಂಗಡಿಯಲ್ಲಿ ಎರಡು ಮಾತು ಹೇಳಲೇಬೇಕು: ಸುಡಬೇಡಿ, ಒಡೆಯಬೇಡಿ. ತಲೆ ಅಂದರೆ ಕೂದಲು ಸುಟ್ಟು, ಮಿದುಳಿಗೆ ಅಂತ ಬುರುಡೆ ಸೀಳಿ ಕೊಡುವುದು ಅವರ ರೂಢಿ. ನಾನು ಬೇಡ ಅಂದಾಗ ಅಂಗಡಿಯವನು ನನ್ನ ಮುಖ ನೋಡಿ, "ಪೂಜಿಗೇನ್ರಿ?" ಎಂದು ಮೆತ್ತಗೆ ಕೇಳಿದ. ಲ್ಯಾಬಿಗೆ ಅಂದೆ. ನಂಬಿದ ಹಾಗೆ ಕಾಣಲಿಲ್ಲ.

ಚರ್ಮ ಸುಲಿದು, ನಾಲಿಗೆ, ಕಣ್ಣು, ಕೆನ್ನೆಯ ಮಾಂಸ ಆದಷ್ಟು ತೆಗೆಯಿರಿ. ಮಿದುಳನ್ನು ಹಿಂದಿನ ದೊಡ್ಡ ತೂತಿನಿಂದ ಕಡ್ಡಿ ಮತ್ತು ನೀರಿನಿಂದ ಕದಡಿ ಹೊರಹಾಕಿ. ಮೂಗಿನ ಒಳಗೆ ಮಾತ್ರ ಕಡ್ಡಿ ಹಾಕಬೇಡಿ. ಅಲ್ಲಿ ಹಪ್ಪಳಕ್ಕಿಂತ ತೆಳುವಾದ ಸುರುಳಿ ಎಲುಬುಗಳಿವೆ, ಪುಡಿಯಾಗುತ್ತವೆ.

ನನ್ನ ಮೊದಲ ತಲೆಯನ್ನು ಕುಕ್ಕರಿಗೆ ಹಾಕಿದೆ. ನಾಲ್ಕು ಸೀಟಿ. ಮಾಂಸ ಬಿಟ್ಟಿತು, ನಿಜ. ಜೊತೆಗೆ ಹಲ್ಲು ಸೀಳಿದವು, ಕೊಬ್ಬೆಲ್ಲ ಎಲುಬಿನೊಳಗೆ ಇಳಿಯಿತು. ಆ ಬುರುಡೆ ಇವತ್ತಿಗೂ ಬೇಸಿಗೆಯಲ್ಲಿ ಎಣ್ಣೆ ಬಿಡುತ್ತದೆ. ಹಾಗಾಗಿ ಕುದಿಸಬೇಡಿ. ಹಳೆಯ, ನಿಧಾನದ ದಾರಿಯೇ ಒಳ್ಳೆಯದು: ಮುಚ್ಚಳ ಇರುವ ಬಕೆಟ್ಟಿನಲ್ಲಿ ಮುಳುಗುವಷ್ಟು ನೀರು ಹಾಕಿ ಕೊಳೆಯಲು ಬಿಡುವುದು. ಕೆಲಸ ಮಾಡುವುದು ನೀರಿನಲ್ಲಿ ಹುಟ್ಟುವ ಬ್ಯಾಕ್ಟೀರಿಯಾ. ಅವಕ್ಕೆ ಬೆಚ್ಚಗಿರಬೇಕು. ಗವಿಮಠದ ಜಾತ್ರೆಯ ಹೊತ್ತಿನ ಚಳಿಯಲ್ಲಿ ನನಗೆ ಐದು ವಾರ ಹಿಡಿದ ಕೆಲಸ ಏಪ್ರಿಲ್ಲಿನಲ್ಲಿ ಹನ್ನೆರಡು ದಿನಕ್ಕೆ ಮುಗಿದಿದೆ. ಬಳ್ಳಾರಿ, ರಾಯಚೂರಿನ ಬಿಸಿಲನ್ನು ನಾವು ಬೈಯುವುದೇ ಜಾಸ್ತಿ. ಈ ಒಂದು ಕೆಲಸಕ್ಕೆ ಅದು ಪುಕ್ಕಟೆ ಹೀಟರ್.

ಮೂರು ದಿನಕ್ಕೊಮ್ಮೆ ಅರ್ಧ ನೀರು ಮಾತ್ರ ಬದಲಿಸಿ. ಪೂರ್ತಿ ಚೆಲ್ಲಿದರೆ ಬ್ಯಾಕ್ಟೀರಿಯಾ ಮತ್ತೆ ಮೊದಲಿನಿಂದ ಶುರುಮಾಡಬೇಕು. ಮುಚ್ಚಳ ಗಟ್ಟಿ ಬೇಡ, ಒಳಗೆ ಗ್ಯಾಸ್ ಹುಟ್ಟುತ್ತದೆ. ಮೇಲೆ ಬಟ್ಟೆ ಕಟ್ಟಿ, ಕಲ್ಲು ಹೇರಿ. ಗ್ಲೌಸ್ ಇಲ್ಲದೆ ಕೈ ಹಾಕಬೇಡಿ, ಕೈಯಲ್ಲಿ ಗಾಯ ಇದ್ದರೆ ಆ ದಿನ ಬಿಟ್ಟುಬಿಡಿ. ಹಳೇ ನೀರನ್ನು ಬಚ್ಚಲಿಗೆ ಬೇಡ, ದೂರದ ಗಿಡದ ಬುಡದಲ್ಲಿ ಗುಂಡಿ ತೋಡಿ ಸುರಿದು ಮಣ್ಣು ಮುಚ್ಚಿ. ಈ ಹಂತಕ್ಕೆ ಮಕ್ಕಳನ್ನು ಸೇರಿಸಬೇಡಿ. ಅಕ್ಕಪಕ್ಕದವರಿಗೆ ಮೊದಲೇ ಹೇಳಿಡಿ. ನಾನು ಹೇಳಿರಲಿಲ್ಲ. ಪಕ್ಕದ ಮನೆಯವರು ಎರಡು ದಿನ ಸತ್ತ ಇಲಿ ಹುಡುಕಿದರು.

ಕೊಂಬು ಇದ್ದರೆ ವಾರದೊಳಗೆ ಮೇಲಿನ ಕವಚ ಸಡಿಲವಾಗುತ್ತದೆ. ತಿರುಗಿಸಿ ಎಳೆದರೆ ಟೋಪಿಯಂತೆ ಕಳಚಿ ಬರುತ್ತದೆ, ಒಳಗೆ ಎಲುಬಿನ ತಿರುಳು ಉಳಿಯುತ್ತದೆ. ಎರಡನ್ನೂ ಬೇರೆಬೇರೆ ಒಣಗಿಸಿ. ಬಿದ್ದ ಹಲ್ಲುಗಳನ್ನು ನೀರು ಚೆಲ್ಲುವಾಗ ಜರಡಿ ಹಿಡಿದು ಆರಿಸಿ.

ಕುರಿಯ ಮೇಲ್ದವಡೆಯ ಮುಂದೆ ಹಲ್ಲೇ ಇಲ್ಲ. ಕೆಳಗೆ ಎಂಟು. ಇದನ್ನು ಮಕ್ಕಳಿಗೆ ಮೊದಲು ತೋರಿಸಿ. ಕುರಿ ಕಾಯುವವರ ಮನೆಯ ಮಕ್ಕಳು "ಎರಡಲ್ಲು, ನಾಲ್ಕಲ್ಲು" ಅಂತ ವಯಸ್ಸು ಹೇಳುವುದನ್ನು ಕೇಳಿಯೇ ಇರುತ್ತಾರೆ. ಮುಂದಿನ ಹಾಲುಹಲ್ಲು ಜೋಡಿಜೋಡಿಯಾಗಿ ಬಿದ್ದು ದೊಡ್ಡ ಹಲ್ಲು ಬರುವ ಲೆಕ್ಕ ಅದು. ಎಂಟೂ ಬರುವ ಹೊತ್ತಿಗೆ ಸುಮಾರು ನಾಲ್ಕು ವರ್ಷ. ಆ ಪಾಠದಲ್ಲಿ ನಾನು ಮೇಷ್ಟ್ರಾಗಲಿಲ್ಲ, ಹಿಂದಿನ ಬೆಂಚಿನ ಹುಡುಗ ಆದ.

ಈಗ ಕೋಳಿ: ಬ್ರಾಯ್ಲರ್ ತರಬೇಡಿ

ಹಾಳಾದ ಎರಡು ಕೋಳಿಗಳೂ ಬ್ರಾಯ್ಲರ್. ನೋಡಲು ದೊಡ್ಡದು, ಆದರೆ ಆರೇಳು ವಾರದ ಮರಿ ಅದು. ಎಲುಬಿನ ತುದಿಗಳು ಇನ್ನೂ ಮೆದು, ದಂಡಕ್ಕೆ ಅಂಟಿರುವುದಿಲ್ಲ. ಹತ್ತನೇ ದಿನ ಬಕೆಟ್ ತೆಗೆದರೆ ತೊಡೆಯ ಎಲುಬಿಗೆ ತಲೆಯೇ ಇಲ್ಲ. ಎದೆಯ ಎಲುಬಿನ ಏಣು ಅರ್ಧ ಕರಗಿತ್ತು. ಬುರುಡೆ ಬಿಡಿಬಿಡಿ ಹಾಳೆಯಾಗಿ ಕೈಗೆ ಬಂತು.

ಜವಾರಿ ಕೋಳಿಯೇ ಬೇಕು. ವರ್ಷ ದಾಟಿದ ಹುಂಜವಾದರೆ ಇನ್ನೂ ಒಳ್ಳೆಯದು, ಕಾಲಿನ ಮುಳ್ಳು ನೋಡಲು ಚೆಂದ. ಸಂತೆಯಲ್ಲಿ ತೆಗೆದುಕೊಂಡು, ಕೊಯ್ಯುವವನಿಗೆ ತಲೆ ಬೇರ್ಪಡಿಸಬೇಡ, ಪಾದ ಕಡಿಯಬೇಡ, ತುಂಡು ಮಾಡಬೇಡ ಎಂದು ಹೇಳಿ. ಕೊಯ್ಯುವ ಮುಂಚೆ ಅದು ನಿಂತಿರುವುದನ್ನು ಪಕ್ಕದಿಂದ, ಮುಂದಿನಿಂದ, ಮೇಲಿನಿಂದ ಫೋಟೋ ತೆಗೆಯಿರಿ. ಜೋಡಿಸುವಾಗ ಅದೇ ನಿಮಗೆ ನಕ್ಷೆ.

ಪುಕ್ಕ, ಚರ್ಮ, ಒಳಗಿನದೆಲ್ಲ ತೆಗೆದ ಮೇಲೆ ದೊಡ್ಡ ಮಾಂಸವನ್ನು ಕತ್ತರಿಯಿಂದ ಬಿಡಿಸಿ. ತೆಗೆದ ಮಾಂಸ ಸಾರಿಗೆ ಹೋಗಲಿ, ವ್ಯರ್ಥ ಮಾಡಬೇಡಿ. ಚಾಕುವಿನಿಂದ ಎಲುಬು ಕೆರೆಯಬೇಡಿ, ಗೀರು ಬಿದ್ದರೆ ಹೋಗುವುದಿಲ್ಲ.

ಇಲ್ಲೇ ವಿಳಾಸದ ಕೆಲಸ ಬರುವುದು. ಹಳೇ ಸೊಳ್ಳೆಪರದೆಯ ಬಟ್ಟೆಯಿಂದ ಅಂಗೈ ಗಾತ್ರದ ಚೀಲ ಹೊಲಿದುಕೊಳ್ಳಿ. ತಲೆಗೊಂದು. ಎಡ ರೆಕ್ಕೆ, ಬಲ ರೆಕ್ಕೆ. ಎಡಗಾಲು, ಬಲಗಾಲು. ಪಕ್ಕೆಲುಬು ಎಡ, ಬಲ. ಎದೆ ಮತ್ತು ಸೊಂಟಕ್ಕೆ ಒಂದು. ಪ್ರತಿ ಚೀಲಕ್ಕೆ ಪ್ಲಾಸ್ಟಿಕ್ ಚೀಟಿ ಕಟ್ಟಿ ಪೆನ್ಸಿಲ್ಲಿನಿಂದ ಬರೆಯಿರಿ. ಮಾರ್ಕರ್ ಪೆನ್ನಿನ ಶಾಯಿ ಆ ನೀರಿನಲ್ಲಿ ಅಳಿಸಿಹೋಗಿ ಒಮ್ಮೆ ನನಗೆ ಎರಡು ದಿನದ ತಲೆನೋವು ತಂದಿತು.

ಕತ್ತಿನ ಎಲುಬುಗಳಿಗೆ ಚೀಲ ಸಾಲದು. ಅವು ಹದಿನಾಲ್ಕರ ಆಸುಪಾಸು, ಮೊದಲೆರಡನ್ನು ಬಿಟ್ಟರೆ ಎಲ್ಲ ಅಣ್ಣತಮ್ಮಂದಿರ ಹಾಗೆ. ಅದಕ್ಕೊಂದು ಉಪಾಯ ಇದೆ. ಮಾಂಸ ಇನ್ನೂ ಹಿಡಿದಿರುವಾಗಲೇ ಬೆನ್ನುಹುರಿಯ ತೂತಿನೊಳಗೆ ಮೀನಿನ ಗಾಳದ ನೈಲಾನ್ ದಾರ ತೂರಿಸಿ ಎರಡೂ ತುದಿಗೆ ಗುಂಡಿ ಕಟ್ಟಿ. ಮಾಂಸ ಕರಗಿದ ಮೇಲೆ ಎಲುಬುಗಳು ಮಣಿಸರದಂತೆ ಸಾಲಾಗಿಯೇ ಉಳಿಯುತ್ತವೆ.

ಪಾದದ ಪ್ರತಿ ಬೆರಳಿಗೂ ಬೇರೆ ಚೀಲ. ಅತಿ ಅನ್ನಿಸಬಹುದು. ಆದರೆ ಒಂದೊಂದು ಪಾದದಲ್ಲಿ ಬೆರಳಿನ ಎಲುಬೇ ಹದಿನಾಲ್ಕು. ಹಿಂದಿನ ಬೆರಳಿಗೆ 2, ಒಳಗಿನದಕ್ಕೆ 3, ನಡುವಿನದಕ್ಕೆ 4, ಹೊರಗಿನದಕ್ಕೆ 5. ಎರಡು, ಮೂರು, ನಾಲ್ಕು, ಐದು: ಮರೆಯಲು ಸಾಧ್ಯವಿಲ್ಲದ ಲೆಕ್ಕ, ಅಲ್ವಾ? ಉದ್ದದ ಬೆರಳು ನಡುವಿನದು, ಆದರೆ ಜಾಸ್ತಿ ಎಲುಬು ಇರುವುದು ಹೊರಗಿನ ಗಿಡ್ಡ ಬೆರಳಿನಲ್ಲಿ. ಕೈಯಲ್ಲಿ ಹಿಡಿಯುವವರೆಗೆ ನಾನೂ ಗಮನಿಸಿರಲಿಲ್ಲ.

ಚೀಲಗಳನ್ನೆಲ್ಲ ಒಂದೇ ಬಕೆಟ್ಟಿಗೆ ಹಾಕಿ ಕುರಿತಲೆಯಂತೆಯೇ ಬಿಡಿ. ಬೇಸಿಗೆಯಲ್ಲಿ ಒಂದರಿಂದ ಎರಡು ವಾರ. ಕೊಕ್ಕು, ಉಗುರು, ಮುಳ್ಳಿನ ಮೇಲಿನ ಕವಚ ಬೇಗ ಕಳಚುತ್ತವೆ. ಅವನ್ನು ತೊಳೆದು ಒಣಗಿಸಿ ಎತ್ತಿಡಿ, ಕೊನೆಗೆ ಮತ್ತೆ ಅಂಟಿಸಬೇಕು.

ಮಣ್ಣಲ್ಲಿ ಹೂಳಿದರೆ ಸಾಲದೇ ಎಂದು ಹಲವರು ಕೇಳುತ್ತಾರೆ. ಕೋಳಿಗೆ ಬೇಡ. ಬೆರಳಿನ ಎಲುಬು ಮಣ್ಣಲ್ಲಿ ಸಿಗುವುದಿಲ್ಲ, ನಮ್ಮ ಎರೆಮಣ್ಣಿನ ಬಣ್ಣ ಎಲುಬಿಗೆ ಹತ್ತಿದರೆ ಬಿಡುವುದಿಲ್ಲ. ಮ್ಯೂಸಿಯಂಗಳಲ್ಲಿ ಒಣಮಾಂಸ ತಿನ್ನುವ ಡರ್ಮೆಸ್ಟಿಡ್ ದುಂಬಿಗಳನ್ನು ಸಾಕಿ ಅವುಗಳಿಂದ ಎಲುಬು ಬಿಡಿಸುತ್ತಾರೆ. ಚೊಕ್ಕ ಕೆಲಸ. ಆದರೆ ಅವು ತಪ್ಪಿಸಿಕೊಂಡು ಮನೆಯ ಒಣಮೀನು, ಚರ್ಮ, ಉಣ್ಣೆಗೆ ಬಿದ್ದರೆ ನಿಮ್ಮ ಪಾಡು ನಿಮಗೆ. ಕಂಬಳಿ ಇರುವ ಮನೆಗೆ ನಾನಂತೂ ತರುವುದಿಲ್ಲ.

ಜಿಡ್ಡು, ಬಿಳುಪು, ಒಣಗು

ಹೊಸಬರು ಜಿಡ್ಡು ತೆಗೆಯುವುದನ್ನು ಬಿಟ್ಟು ನೇರ ಬಿಳುಪಿಗೆ ಹಾರುತ್ತಾರೆ. ಆರು ತಿಂಗಳಿಗೆ ಎಲುಬು ಹಳದಿಯಾಗಿ ಅಂಟಂಟಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿದ ಬೆಚ್ಚನೆ ನೀರಿನಲ್ಲಿ ಎಲುಬುಗಳನ್ನು ಚೀಲ ಸಮೇತ ನೆನೆಸಿ. ನೀರು ಮಬ್ಬಾದಾಗ ಬದಲಿಸಿ. ಕೋಳಿಗೆ ಎರಡು ಮೂರು ವಾರ, ಕುರಿತಲೆಗೆ ಇನ್ನೂ ಜಾಸ್ತಿ. ಸಾಕಾಯಿತೋ ಇಲ್ಲವೋ ತಿಳಿಯಲು ಒಣಗಿದ ಎಲುಬನ್ನು ರಾತ್ರಿ ಹಳೇ ಪೇಪರಿನ ಮೇಲಿಡಿ. ಬೆಳಿಗ್ಗೆ ಮಿರ್ಚಿ ಕಟ್ಟಿದ ಪೇಪರಿನಂತೆ ಎಣ್ಣೆಕಲೆ ಕಂಡರೆ ಮತ್ತೆ ನೆನೆಹಾಕಿ. ಪೆಟ್ರೋಲು, ಥಿನ್ನರ್ ಬೇಗ ಕೆಲಸ ಮಾಡುತ್ತವೆ ಅನ್ನುತ್ತಾರೆ. ಬೆಂಕಿ ಹತ್ತುವ ವಸ್ತು ಶಾಲೆಗೆ ಬೇಡ.

ನಮ್ಮ ಬೋರ್‌ವೆಲ್ ನೀರು ಗಡಸು. ಸೋಪು ನೊರೆ ಬರುವುದಿಲ್ಲ, ಒಣಗಿದ ಮೇಲೆ ಎಲುಬಿನ ಮೇಲೆ ಬಿಳಿ ಉಪ್ಪು ಕೂರುತ್ತದೆ. ಅದಕ್ಕೇ ಕೊನೆಯ ಎರಡು ಸಲ ಊರಿನ ಶುದ್ಧ ಕುಡಿಯುವ ನೀರಿನ ಘಟಕದ ಕ್ಯಾನ್ ನೀರಲ್ಲಿ ತೊಳೆಯುತ್ತೇನೆ.

ಬಿಳುಪಿಗೆ ಬ್ಲೀಚಿಂಗ್ ಪೌಡರ್ ಮುಟ್ಟಬೇಡಿ. ಅದು ಎಲುಬನ್ನೇ ತಿನ್ನುತ್ತದೆ, ವರ್ಷ ಕಳೆದಂತೆ ಸುಣ್ಣದ ಹಾಗೆ ಉದುರುತ್ತದೆ. ಮೆಡಿಕಲ್ ಶಾಪಿನಲ್ಲಿ ಸಿಗುವ ಹೈಡ್ರೋಜನ್ ಪೆರಾಕ್ಸೈಡ್ ತನ್ನಿ. ಬಾಟಲಿಯ ಮೇಲೆ 20 ವಾಲ್ಯೂಮ್ ಎಂದಿದ್ದರೆ ಅದು ಸುಮಾರು 6 ಪರ್ಸೆಂಟ್. ಅಷ್ಟೇ ನೀರು ಬೆರೆಸಿದರೆ 3 ಪರ್ಸೆಂಟ್. ಪ್ಲಾಸ್ಟಿಕ್ ಡಬ್ಬಿ ಬಳಸಿ, ಲೋಹದ್ದು ಬೇಡ. ಮುಚ್ಚಳ ಬಿಗಿದರೆ ಆಕ್ಸಿಜನ್ ತುಂಬಿ ಸಿಡಿಯಬಹುದು. ಗ್ಲೌಸ್, ಕನ್ನಡಕ ಇರಲಿ. ಕೋಳಿಯ ಎಲುಬಿಗೆ ಒಂದು ದಿನ ಸಾಕು, ನಡುವೆ ನೋಡುತ್ತಿರಿ. ರೆಕ್ಕೆಯ ಮೇಲಿನ ಎಲುಬಿನ ಬುಡದಲ್ಲಿ ಒಂದು ತೂತಿದೆ. ಹಕ್ಕಿಯ ಗಾಳಿಚೀಲ ಎಲುಬಿನೊಳಗೆ ಹೋಗುವ ಬಾಗಿಲು ಅದು. ಅಲ್ಲಿಂದ ಗುಳ್ಳೆ ಸಾಲಾಗಿ ಏಳುವುದನ್ನು ಮಕ್ಕಳಿಗೆ ದೂರದಿಂದ ತೋರಿಸಿ. ಟೊಳ್ಳು ಎಲುಬು ಎಂದು ಪುಸ್ತಕದಲ್ಲಿ ಓದುವುದಕ್ಕಿಂತ ಅದು ಬೇಗ ತಲೆಗೆ ಹೋಗುತ್ತದೆ.

ಹಾಲಿನಷ್ಟು ಬಿಳುಪು ಬೇಕಿಲ್ಲ. ಎಲುಬಿನ ಬಣ್ಣವೇ ಕೆನೆ. ಒಣಗಿಸುವುದು ನೆರಳಲ್ಲಿ. ನಮ್ಮ ಮೇ ತಿಂಗಳ ಬಿಸಿಲಿಗಿಟ್ಟರೆ ಹಲ್ಲು ಟಪ್ಪೆಂದು ಸೀಳುತ್ತದೆ. ಜಾಳಿಗೆ ಮುಚ್ಚದೆ ಇಡಬೇಡಿ. ಮಾಳಿಗೆಯ ಮೇಲೆ ನಾನು ಊಟಕ್ಕೆಂದು ಇಳಿದ ಹತ್ತು ನಿಮಿಷದಲ್ಲಿ ಬೀದಿನಾಯಿಯೊಂದು ಮೆಟ್ಟಿಲು ಹತ್ತಿ ಬಂದಿತ್ತು.

ಜೋಡಣೆ

ಬೇಕಾದ ಸಾಮಾನು: 1 ಮಿಲಿಮೀಟರ್ ಬಿಟ್ ಇರುವ ಕೈ ಡ್ರಿಲ್, ಫೆವಿಕಾಲ್, ಅರಾಲ್ಡೈಟ್, ತಂತಿ. ಕಟ್ಟಡಕ್ಕೆ ಬಳಸುವ ಬೈಂಡಿಂಗ್ ವೈರ್ ಬೇಡ, ತುಕ್ಕು ಹಿಡಿದು ಎಲುಬಿಗೆ ಕಲೆ ಮಾಡುತ್ತದೆ. ಪಂಪ್‌ಸೆಟ್ ಮೋಟಾರ್ ರಿವೈಂಡಿಂಗ್ ಅಂಗಡಿ ನಮ್ಮಲ್ಲಿ ಯಾವ ಊರಲ್ಲಿಲ್ಲ ಹೇಳಿ! ಅಲ್ಲಿ ಎನಾಮೆಲ್ ಬಳಿದ ತಾಮ್ರದ ತಂತಿಯ ತುಂಡು ಸಿಗುತ್ತದೆ. ಬಾಗುತ್ತದೆ, ತುಕ್ಕಿಲ್ಲ. ದಪ್ಪದ್ದು ಬೆನ್ನಿಗೆ, ಸಣ್ಣದು ಬೆರಳಿಗೆ.

ಸಣ್ಣ ಕೀಲಿಗೆಲ್ಲ ಫೆವಿಕಾಲ್. ತಪ್ಪಾದರೆ ನೀರು ಹಚ್ಚಿ ಬಿಡಿಸಬಹುದು, ತಪ್ಪು ಆಗಿಯೇ ಆಗುತ್ತದೆ. ಭಾರ ಹೊರುವ ಸೊಂಟ, ಕಾಲಿಗೆ ಮಾತ್ರ ಅರಾಲ್ಡೈಟ್. ಫೆವಿಕ್ವಿಕ್ ಅವಸರದವರಿಗೆ. ಒಮ್ಮೆ ಸೊಟ್ಟಗೆ ಕೂತರೆ ಸೊಟ್ಟಗೇ ಇರುತ್ತದೆ. ಡ್ರಿಲ್ ಮಾಡುವಾಗ ಮಾಸ್ಕ್ ಹಾಕಿ, ಎಲುಬಿನ ಪುಡಿ ಉಸಿರಿಗೆ ಹೋಗಬಾರದು.

ಮೊದಲು ಬೆನ್ನು. ಸೊಂಟದಿಂದ ಶುರುಮಾಡಿ ತಂತಿಯನ್ನು ಬೆನ್ನುಹುರಿಯ ತೂತಿನಲ್ಲೇ ತೂರಿಸಿ, ನೈಲಾನ್ ದಾರದಿಂದ ಕತ್ತಿನ ಎಲುಬುಗಳನ್ನು ಅದೇ ಸಾಲಿನಲ್ಲಿ ತಂತಿಗೆ ದಾಟಿಸಿ. ಫೋಟೋ ನೋಡಿ ಕತ್ತನ್ನು ಬಾಗಿಸಿ. ತಲೆ ಕೊನೆಗೆ ಸಿಕ್ಕಿಸಿದರಾಯಿತು. ಆಮೇಲೆ ಏಳು ಜೋಡಿ ಪಕ್ಕೆಲುಬು. ಬಹುಪಾಲು ಪಕ್ಕೆಲುಬಿನಲ್ಲಿ ಹಿಂದಕ್ಕೆ ಚಾಚಿದ ಒಂದು ಕೊಕ್ಕೆ ಇದೆ, ಅದು ಹಿಂದಿನ ಪಕ್ಕೆಲುಬಿನ ಮೇಲೆ ಬರಬೇಕು. ಎಡಬಲ ಅದಲುಬದಲಾಗಿದ್ದರೆ ಇಲ್ಲೇ ಗೊತ್ತಾಗುತ್ತದೆ. ಅಂಟು ಒಣಗುವವರೆಗೆ ಮರಳು ತುಂಬಿದ ತಟ್ಟೆಯಲ್ಲಿ ಒರಗಿಸಿಡಿ. ಎದೆಯ ಎಲುಬು, ಭುಜ, ಇಂಗ್ಲಿಷಿನ ವಿ ಆಕಾರದ ಕತ್ತರಿ ಎಲುಬು, ರೆಕ್ಕೆ. ಇವು ತಮ್ಮ ಜಾಗ ತಾವೇ ಹೇಳುತ್ತವೆ.

ಕಾಲಿನ ಹತ್ತಿರ ನಿಧಾನಿಸಿ. ತೊಡೆಯ ಎಲುಬು ಕೆಳಕ್ಕೆ ಇಳಿಯುವುದಿಲ್ಲ. ಹೊಟ್ಟೆಗೆ ಒತ್ತಿಕೊಂಡು ಮುಂದಕ್ಕೆ, ಹೆಚ್ಚುಕಡಿಮೆ ಮಲಗಿರುತ್ತದೆ. ಅದರ ತುದಿಯಲ್ಲಿದೆ ಮೊಣಕಾಲು, ಪುಕ್ಕದೊಳಗೆ ಅಡಗಿ, ನಮ್ಮಂತೆಯೇ ಮುಂದಕ್ಕೆ. ಅದರ ಕೆಳಗಿನದು ನಾವು ಲೆಗ್‌ಪೀಸ್ ಅನ್ನುವ ಭಾಗ. ಅದರ ಹೊರಬದಿಗೆ ದಬ್ಬಣದಂಥ ಒಂದು ತೆಳು ಎಲುಬು ಅರ್ಧಕ್ಕೇ ನಿಲ್ಲುತ್ತದೆ, ಮುರಿದಿದೆ ಎಂದು ಹೆದರಬೇಡಿ. ಅಲ್ಲಿಂದ ಕೆಳಗೆ ಹಿಂದಕ್ಕೆ ಚಾಚಿದ ಕೀಲು ಇದೆಯಲ್ಲ, ನಾವು ದಿನಾ ಮೊಣಕಾಲು ಅಂದುಕೊಳ್ಳುವುದು, ಅದು ಹಿಮ್ಮಡಿಯ ಕೀಲು. ಅದರ ಕೆಳಗಿನ ಹುರುಪೆಯ ಕಾಲು ಅಂದರೆ ನಮ್ಮ ಅಂಗಾಲಿನ ಎಲುಬುಗಳೆಲ್ಲ ಬೆಸೆದು ಒಂದಾದದ್ದು.

ಆ ಹುಡುಗಿಯ ಬೆರಳು ಹಿಡಿದು ಮೇಲಿನಿಂದ ಕೆಳಗೆ ಒಂದೊಂದೇ ಕೀಲು ಮುಟ್ಟಿಸಿದೆ. ತೊಡೆ, ಮೊಣಕಾಲು, ಹಿಮ್ಮಡಿ. ಸ್ವಲ್ಪ ಹೊತ್ತು ಸುಮ್ನೆ ನಿಂತಳು. ಆಮೇಲೆ ತಾನೇ ಹಿಮ್ಮಡಿ ಎತ್ತಿ, ಮೊಣಕಾಲು ಮಡಚಿ ನಡೆದು ನೋಡಿದಳು. "ಹಂಗಾರ ಕೋಳಿ ತುದಿಗಾಲ ಮ್ಯಾಲೆ ನಡೀತೈತಲ್ರಿ ಸರ್!"

ಪಾದಕ್ಕೆ ಮೊದಲು ರಟ್ಟಿನ ಮೇಲೆ ಬೆರಳುಗಳ ಗೆರೆ ಹಾಕಿ, 2-3-4-5 ಲೆಕ್ಕದಲ್ಲಿ ಎಲುಬು ಸಾಲಾಗಿಟ್ಟು, ಎಣಿಸಿ, ಆಮೇಲೆ ಅಂಟಿಸಿ. ಎದೆಯ ಎಲುಬಿನ ಕೆಳಗೊಂದು ದಪ್ಪ ತಂತಿಯ ಆಸರೆ ಕೊಡಿ. ಪೀಠಕ್ಕೆ ಸಾಮಿಲ್ಲಿನ ಬೇವಿನ ತುಂಡು ಸಾಕು. ಕಿನ್ನಾಳದ ಗೊಂಬೆಗೆ ಹುಣಸೆಬೀಜದ ಅಂಟು ಬಳಸುತ್ತಾರಲ್ಲ ಎಂದು ನಾನೂ ಒಂದು ರೆಕ್ಕೆಗೆ ಹಚ್ಚಿ ನೋಡಿದೆ. ಗೊಂಬೆಗೆ ಮೇಲೆ ಬಣ್ಣದ ರಕ್ಷಣೆ ಇರುತ್ತದೆ, ನನ್ನ ರೆಕ್ಕೆಗೆ ಇರಲಿಲ್ಲ. ಮಳೆಗಾಲಕ್ಕೆ ಬೂಸ್ಟು ಬಂತು.

ಸಿದ್ಧವಾದದ್ದನ್ನು ಹಳೇ ಮೀನಿನ ಗಾಜಿನ ಪೆಟ್ಟಿಗೆಯಲ್ಲಿಟ್ಟು ಮುಚ್ಚಿ, ಒಳಗೆ ನಾಲ್ಕು ಸಿಲಿಕಾ ಜೆಲ್ ಪೊಟ್ಟಣ ಹಾಕಿ. ಮುಖ್ಯ ಕೆಲಸ ಇನ್ನೊಂದಿದೆ, ಗುರುತಿನ ಚೀಟಿ. ಬಳ್ಳಾರಿ ಸುತ್ತಿನ ಸಂಗನಕಲ್ಲು, ಕುಡುತಿನಿಯಂಥ ಕಡೆ ಸಾವಿರಾರು ವರ್ಷದ ಹಿಂದಿನ ದನಗಾಹಿಗಳ ನೆಲೆಗಳಿವೆ. ಅಂಥ ಕಡೆ ಸಿಗುವ ಚೂರು ಎಲುಬು ಕುರಿಯದೋ ಆಡಿನದೋ ಎಂದು ತಿಳಿಯಲು ಸಂಶೋಧಕರು ಇಂಥದೇ ಗುರುತಿರುವ ಎಲುಬುಗಳ ಜೊತೆ ಹೋಲಿಸುತ್ತಾರೆ. ಗುರುತು ಬರೆಯದ ಎಲುಬು ಅದಕ್ಕೆ ಬರುವುದಿಲ್ಲ. ಹೆಣ್ಣೋ ಗಂಡೋ, ವಯಸ್ಸೆಷ್ಟು, ಎಲ್ಲಿ ತಂದದ್ದು, ಏನು ಕಾಣೆಯಾಗಿದೆ, ಎಲ್ಲ ಬರೆಯಿರಿ. ನಮ್ಮ ಪೆಟ್ಟಿಗೆಯ ಮೇಲೆ ಹೀಗಿದೆ:

"ಜವಾರಿ ಹುಂಜ. ವಯಸ್ಸು ಸುಮಾರು 2 ವರ್ಷ. ಗಂಗಾವತಿ ಸಂತೆ. ಬಲಗಾಲಿನ ಹೊರಬೆರಳಿನಲ್ಲಿ ನಾಲ್ಕೇ ಎಲುಬು. ಐದನೆಯದನ್ನು ನಾಯಿ ಒಯ್ದಿದೆ."